ಮುನ್ನೂರೈವತ್ತು ವ್ಯಾಟ್

ಮೇ 4

ಸೊಸೆಗೆ,

ಏಪ್ರಿಲ್ ತಿಂಗಳ ಕರೆಂಟ್ ಬಿಲ್ಲು ತಲುಪಿತು. ಮುನ್ನೂರ ಎಂಬತ್ತಮೂರು ಯೂನಿಟ್. ಮಾರ್ಚಿನಲ್ಲಿ ಇನ್ನೂರ ಮೂವತ್ತಾರು ಇತ್ತು. ಒಂದೇ ತಿಂಗಳಲ್ಲಿ ನೂರ ನಲವತ್ತೇಳು ಹೆಚ್ಚು. ಬಿಲ್ಲು ಕಟ್ಟಿದ್ದೇನೆ, ಅದರ ಮಾತಲ್ಲ. ಆದರೆ ಎಲ್ಲಿ ಸೋರಿ ಹೋಯಿತು ಎಂದು ಕೇಳುವ ಹಕ್ಕು ಕಟ್ಟುವವಳಿಗೆ ಇರುತ್ತದೆ.

ನನ್ನ ಮಗನ ಶ್ವಾಸಕೋಶಕ್ಕೆ ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಎಂದು ನೀವಿಬ್ಬರೂ ಆ ಊರಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಬಾಡಿಗೆ, ಔಷಧಿ, ಕರೆಂಟು, ಎಲ್ಲವೂ ಈ ಹಿಟ್ಟಿನ ಗಿರಣಿಯಿಂದ ಬರುತ್ತಿದೆ. ಇದನ್ನು ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಅಂದುಕೊಳ್ಳಬಹುದು. ಫೋನಿನಲ್ಲಿ ಲೆಕ್ಕ ನಿಲ್ಲುವುದಿಲ್ಲ. ನನ್ನ ಕಿವಿ ಮಂದವಾಗಿದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಗಿರಣಿಯ ಪಕ್ಕ ನಿಂತವಳಿಗೆ ಫೋನಿನ ಪಿಸುಮಾತು ಕೇಳದಿದ್ದರೆ ಅದು ಫೋನಿನ ತಪ್ಪು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಈ ಲೆಕ್ಕಕ್ಕೆ ಅಷ್ಟು ಸಾಕು. ಪ್ರತಿ ವಸ್ತುವಿನ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ವ್ಯಾಟ್ ಎಂದು ಬರೆದಿರುತ್ತದೆ. ಆ ಅಂಕಿಯನ್ನು ದಿನಕ್ಕೆ ಎಷ್ಟು ಗಂಟೆ ಓಡುತ್ತದೋ ಅದರಿಂದ ಗುಣಿಸು, ಸಾವಿರದಿಂದ ಭಾಗಿಸು. ಬಂದದ್ದು ಯೂನಿಟ್. ಗೀಜರು ಎರಡು ಸಾವಿರ ವ್ಯಾಟ್. ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್. ಹಾಕಿ ಮರೆತು ಹರಟುತ್ತ ನಿಂತರೆ ಎರಡು. ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್. ನಿನ್ನ ಹೊಲಿಗೆ ಮಶೀನಿನ ಮೋಟರು ಬರೀ ನೂರು, ಆದರೆ ಇಡೀ ದಿನ ಓಡಿದರೆ ಇಲಿಯೂ ಮೂಟೆ ಖಾಲಿ ಮಾಡುತ್ತದೆ.

ಅವನ ಆಕ್ಸಿಜನ್ ಮಶೀನು ಮುನ್ನೂರೈವತ್ತು ವ್ಯಾಟ್. ಡಾಕ್ಟರು ಹೇಳಿದಂತೆ ರಾತ್ರಿ ಹತ್ತು ಗಂಟೆ ಹೊತ್ತು. ದಿನಕ್ಕೆ ಮೂರೂವರೆ ಯೂನಿಟ್, ತಿಂಗಳಿಗೆ ನೂರ ಐದು. ಅದು ಔಷಧಿ. ಅದರ ತಂಟೆಗೆ ನಾನು ಬರುವುದಿಲ್ಲ. ಉಳಿದದ್ದಕ್ಕೆ ನನ್ನ ಗಿರಣಿಯ ನಿಯಮವೇ ನಿನ್ನ ಮನೆಗೂ ನಿಯಮ: ಕಾಳಿಲ್ಲದೆ ಕಲ್ಲು ತಿರುಗಬಾರದು. ಕೆಲಸವಿಲ್ಲದೆ ಓಡುವ ಯಂತ್ರ ಮನೆಯನ್ನು ತಿನ್ನುತ್ತದೆ.

ಪ್ರತಿ ಒಂದನೇ ತಾರೀಖು ಮೀಟರಿನ ಅಂಕಿ ಬರೆದು ಕಳಿಸು.

ಅತ್ತೆ


ಮೇ 12

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅವರೇ ಗಟ್ಟಿಯಾಗಿ ಓದಿದರು. ಮಧ್ಯೆ ಮಧ್ಯೆ ನಿಲ್ಲಿಸಿ ಓದಿದರು. "ಅಮ್ಮ ಕಾಗದದಲ್ಲೂ ಗಿರಣಿ ಓಡಿಸ್ತಾಳೆ ನೋಡು" ಎಂದು ನಕ್ಕರು. ಕಾಳು, ಕಲ್ಲು ಎಂಬ ಮಾತು ಬಂದಾಗ ನೀವು ಹೇಳುವ ದನಿಯಲ್ಲೇ ಹೇಳಿ ತೋರಿಸಿದರು.

ಯೂನಿಟ್ ಹೆಚ್ಚಾದದ್ದಕ್ಕೆ ಕ್ಷಮಿಸಿ. ಫ್ರಿಡ್ಜಿನ ಬಾಗಿಲ ರಬ್ಬರು ಸಡಿಲವಾಗಿದೆ. ಗೀಜರನ್ನೂ ನಾನು ಒಂದೆರಡು ಸಾರಿ ಮರೆತಿರಬಹುದು. ಶಾಲೆಗಳು ತೆರೆಯುವ ಕಾಲವಾದ್ದರಿಂದ ಬಟ್ಟೆ ಅಂಗಡಿಯವರು ಸಮವಸ್ತ್ರದ ಕೆಲಸ ತುಂಬಾ ಕೊಟ್ಟಿದ್ದಾರೆ. ಹೊಲಿಗೆ, ಇಸ್ತ್ರಿ ಎರಡೂ ಹೆಚ್ಚಾಗಿವೆ. ಇನ್ನು ಮೇಲೆ ಎಚ್ಚರದಿಂದ ಇರುತ್ತೇನೆ.

ಅವರು ಚೆನ್ನಾಗಿದ್ದಾರೆ. ಡಾಕ್ಟರು ಹೊಸದಾಗಿ ಏನೂ ಹೇಳಿಲ್ಲ. ಆಕ್ಸಿಜನ್ ಮಶೀನಿಗೆ ಅಡುಗೆಮನೆಯವರೆಗೆ ಬರುವಷ್ಟು ಉದ್ದದ ಪೈಪು ತಂದಿದ್ದೇನೆ. ಈಗ ನಾನು ಹೊಲಿಯುವಾಗ ಪಕ್ಕದಲ್ಲಿ ಬಂದು ಕೂರುತ್ತಾರೆ, ಗುಂಡಿಗಳನ್ನು ಎಣಿಸಿ ಎಣಿಸಿ ಕೊಡುತ್ತಾರೆ.

ನಿಮ್ಮ ಸೊಸೆ


ಮೇ 21

ಸೊಸೆಗೆ,

ಫ್ರಿಡ್ಜಿನ ರಬ್ಬರು ಸಡಿಲವಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಒಂದು ಉಪಾಯವಿದೆ. ಬಾಗಿಲ ಸಂದಿಯಲ್ಲಿ ಒಂದು ಕಾಗದವಿಟ್ಟು ಮುಚ್ಚು, ಎಳೆ. ಸಲೀಸಾಗಿ ಬಂದರೆ ರಬ್ಬರು ಹೋಗಿದೆ. ಬಿಗಿಯಾಗಿ ಹಿಡಿದರೆ ನೀನು ನೆಪ ಹೇಳುತ್ತಿದ್ದೀಯ.

ಗೀಜರು ಬೇಡ. ಅವನಿಗೆ ಬೇಕಾದ ಬಿಸಿನೀರನ್ನು ಒಲೆಯ ಮೇಲೆ ಕಾಯಿಸು. ಇಸ್ತ್ರಿ ವಾರಕ್ಕೊಮ್ಮೆ ಒಟ್ಟಿಗೆ ಮಾಡು, ಪೆಟ್ಟಿಗೆ ಕಾಯುವುದಕ್ಕೇ ಅರ್ಧ ಕರೆಂಟು ಹೋಗುತ್ತದೆ. ಅಂಗಡಿಯವರ ಬಟ್ಟೆಯನ್ನು ನಿನ್ನ ಕರೆಂಟಿನಲ್ಲಿ ಹೊಲಿದು ಕೊಡುವುದು ಯಾವ ಊರಿನ ಜಾಣತನ? ಅವರ ಅಂಗಡಿಯಲ್ಲಿಯೇ ಮಶೀನುಗಳಿರುತ್ತವೆ. ಅಲ್ಲಿ ಹೋಗಿ ಕೂತು ಹೊಲಿ. ಅವರ ಮೀಟರು ಓಡಲಿ. ರಾತ್ರಿ ಮಾತ್ರ ಆಕ್ಸಿಜನ್ ಬೇಕಾದವನಿಗೆ ಹಗಲು ಕಾವಲು ಬೇಕಿಲ್ಲ.

ಇನ್ನೊಂದು ಮಾತು. ಹಾಸಿಗೆಯಲ್ಲಿ ಮಲಗಿ ಹಾಕಿಕೊಳ್ಳುವ ಮಶೀನಿಗೆ ಅಡುಗೆಮನೆಯವರೆಗೆ ಪೈಪು ಯಾಕೆ? ಹಗಲು ಹೊತ್ತು ಅವನಿಗೆ ಅದನ್ನು ಅಭ್ಯಾಸ ಮಾಡಿಸಬೇಡ. ಊರುಗೋಲು ಕೊಟ್ಟರೆ ಗಟ್ಟಿ ಕಾಲೂ ಕುಂಟುತ್ತದೆ.

ಇದನ್ನೆಲ್ಲ ಬರೆಯುತ್ತಿದ್ದಾಗ ಜರಡಿ ಅಕ್ಕ ಬಂದು ಇಣುಕಿದಳು. ಕಾಳು ಜರಡಿ ಹಿಡಿಯುವ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ಇರುವವಳು, ಅವಳಿಗೆ ನನ್ನ ಹೆದರಿಕೆ ಇಲ್ಲ.

"ಯಾರಿಗಮ್ಮ ಇಷ್ಟು ಉದ್ದ ಬೈಗುಳ?"

"ಬೈಗುಳ ಅಲ್ಲ, ಬುದ್ಧಿವಾದ."

"ನಿಮ್ಮ ಬಾಯಲ್ಲಿ ಎರಡೂ ಒಂದೇ ರುಚಿ ಬಿಡಿ."

ಅವನು ಆರೇಳು ವರ್ಷದವನಿದ್ದಾಗ ಸ್ವಿಚ್ಚಿನ ಪಕ್ಕ ಒಂದು ಡಬ್ಬ ಮಗುಚಿ ಹಾಕಿ ಅದರ ಮೇಲೆ ನಿಲ್ಲಿಸುತ್ತಿದ್ದೆ. ಗಿರಣಿಯ ಬಾಯಲ್ಲಿ ಕೊನೆಯ ಹಿಡಿ ಕಾಳು ಇಳಿಯುವುದನ್ನೇ ನೋಡುತ್ತಿದ್ದ. ಇಳಿದ ಕ್ಷಣಕ್ಕೆ ಟಪ್ ಎಂದು ಆರಿಸುತ್ತಿದ್ದ. ಮೈಯೆಲ್ಲ ಹಿಟ್ಟು, ಕಣ್ಣು ಮಾತ್ರ ಕಪ್ಪು. ಅವನು ಒಂದು ದಿನವೂ ತಡಮಾಡಿದ್ದಿಲ್ಲ. ನಿನಗೆ ಕಲಿಸುವ ಹಾಗೆ ನಾನು ಅವನಿಗೆ ಎರಡನೇ ಸಲ ಹೇಳಬೇಕಾಗಿ ಬಂದಿರಲಿಲ್ಲ.

ಹಿಟ್ಟಿನ ಧೂಳಿನಿಂದಲೇ ಅವನಿಗೆ ಈ ಕಾಯಿಲೆ ಎಂದು ಆ ಡಾಕ್ಟರು ಬರೆದಿದ್ದಾನಲ್ಲ, ಅವನಿಗೆ ಹೇಳು: ಅದೇ ಧೂಳನ್ನು ನಾನೂ ಮೂವತ್ತೊಂದು ವರ್ಷ ಕುಡಿದಿದ್ದೇನೆ. ನನಗೆ ಒಂದು ಕೆಮ್ಮೂ ಇಲ್ಲ.

ಅತ್ತೆ


ಜೂನ್ 1

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಗೀಜರಿನ ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿದ್ದೇನೆ. ಇಂದಿನಿಂದ ಅಂಗಡಿಗೆ ಹೋಗಿ ಹೊಲಿಯುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳು. ಸಮವಸ್ತ್ರದ ಗಡಿಬಿಡಿ ಮುಗಿಯುವವರೆಗೆ ಭಾನುವಾರವೂ ರಜೆಯಿಲ್ಲ.

ನನಗೆ ಹೋಗಲು ಮನಸ್ಸಿರಲಿಲ್ಲ. "ಹೋಗು, ನಾನೇನು ಮಗುವಾ? ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ?" ಎಂದು ಅವರೇ ಕಳಿಸಿದರು. ನೀವು ಬರೆದ ಡಬ್ಬದ ಕತೆಯನ್ನು ಎರಡು ದಿನ ಹೇಳಿದರು. ಅದು ಎಣ್ಣೆಯ ಡಬ್ಬವಂತೆ, ಒಂದು ಮೂಲೆ ಜಜ್ಜಿತ್ತಂತೆ, ನಿಂತರೆ ಓಲಾಡುತ್ತಿತ್ತಂತೆ. ನಿಮಗೆ ನೆನಪಿದೆಯೇ ಎಂದು ಕೇಳಲು ಹೇಳಿದರು.

ಮೇ ತಿಂಗಳು ಮುನ್ನೂರ ಎಪ್ಪತ್ತೊಂಬತ್ತು. ಮುಂದಿನ ತಿಂಗಳು ಇಳಿಯುತ್ತದೆ.

ನಿಮ್ಮ ಸೊಸೆ


ಜುಲೈ 5

ಜಾಣ ಸೊಸೆಗೆ ಆಶೀರ್ವಾದ.

ನಿನ್ನ ಕಾರ್ಡು ನಿನ್ನೆ ಬಂತು. ಜೂನ್ ತಿಂಗಳು ಇನ್ನೂರ ಇಪ್ಪತ್ತೈದು! ಮೂರು ಸಲ ಓದಿದೆ. ಹಿಟ್ಟು ಬೀಸಿಸಲು ಬಂದಿದ್ದವರಿಗೆಲ್ಲ ಓದಿ ಹೇಳಿದೆ. "ನೋಡ್ರೇ, ನನ್ನ ಸೊಸೆ ಒಂದೇ ತಿಂಗಳಲ್ಲಿ ನೂರೈವತ್ತು ಯೂನಿಟ್ ಇಳಿಸಿದ್ಲು. ನಿಮ್ಮ ಮನೇಲಿ ಹಗಲೂ ದೀಪ ಉರೀತದೆ" ಎಂದೆ. ಒಬ್ಬಳು ಮುಖ ಊದಿಸಿಕೊಂಡು ಹೋದಳು. ಹೋಗಲಿ, ನಾಳೆ ಇದೇ ಗಿರಣಿಗೇ ಬರಬೇಕು.

ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಮದುವೆಯಾಗಿ ಬಂದಾಗ ನಿನ್ನ ಕೈ ನೋಡಿ ಇವಳಿಂದ ಏನಾಗುತ್ತದೆ ಎಂದುಕೊಂಡಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವನಿಗೂ ಓದಿ ಹೇಳು: ಅಮ್ಮನಿಗೆ ತುಂಬಾ ಖುಷಿಯಾಗಿದೆ ಎಂದು.

ಡಬ್ಬ ನೆನಪಿದೆ. ಮೂಲೆ ಜಜ್ಜಿದ್ದು ಅವನೇ, ಕಾಲಿನಿಂದ ಒದ್ದು. ಅದನ್ನು ಹೇಳಿರಲಾರ.

ಮೊನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಜರಡಿ ಅಕ್ಕನಿಂದ ಅವನಿಗೆ ಫೋನು ಮಾಡಿಸಿದೆ. ಅವನೇ ಎತ್ತಿದ. "ಚೆನ್ನಾಗಿದೀನಿ ಅಂತ ಅಮ್ಮಂಗೆ ಹೇಳು" ಎಂದನಂತೆ. ಮಾತು ನಿಧಾನ ಎಂದಳು. ನಿದ್ದೆಯಲ್ಲಿದ್ದಿರಬೇಕು. ಹಿಂದೆ ಏನು ಸದ್ದು ಎಂದು ಕೇಳಿದೆ, ಟಿ.ವಿ. ಹಾಕಿಕೊಂಡು ಕೂತಿದ್ದಾನೋ ಎಂದು. "ಇಲ್ಲಮ್ಮ, ಒಂದು ಗುಂಯ್ ಅನ್ನೋ ಸದ್ದೂ ಇಲ್ಲ, ಮನೆ ಪೂರಾ ಸುಮ್ನಿತ್ತು" ಎಂದಳು. ಕೇಳಿ ಸಮಾಧಾನವಾಯಿತು. ಕೆಲಸವಿಲ್ಲದ ಹೊತ್ತಿನಲ್ಲಿ ಮನೆ ಹಾಗೇ ಇರಬೇಕು.

ಅತ್ತೆ


ಜುಲೈ 12

ಪೂಜ್ಯ ಅತ್ತೆಯವರಿಗೆ.

ನಾನು ಅಂಗಡಿಯ ಕೆಲಸ ಬಿಟ್ಟಿದ್ದೇನೆ. ಮನೆಯಲ್ಲೇ ಇರುತ್ತೇನೆ. ಈ ತಿಂಗಳು ಯೂನಿಟ್ ಹೆಚ್ಚು ಬರುತ್ತದೆ. ದಯವಿಟ್ಟು ಅದರ ಬಗ್ಗೆ ಏನೂ ಬರೆಯಬೇಡಿ. ಬರೆದರೂ ಅವರಿಗೆ ಕಾಣುವಂತೆ ಬರೆಯಬೇಡಿ.

ಅವರ ಕಾಲು ಊದಿಕೊಂಡಿದೆ. ಡಾಕ್ಟರು ಹೃದಯಕ್ಕೆ ಭಾರ ಬಿದ್ದಿದೆ ಎಂದಿದ್ದಾರೆ.

ಒಂದು ಸಾರಿ ಬಂದು ಹೋಗಿ. ಅವರು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

ನಿಮ್ಮ ಸೊಸೆ


ಜುಲೈ 20

ಸೊಸೆಗೆ,

ಹೊಗಳಿದರೆ ಕೆಡುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಸುಳ್ಳಲ್ಲ. ಒಂದು ತಿಂಗಳು ಶಿಸ್ತಿನಿಂದ ನಡೆದೆ, ಒಂದು ಒಳ್ಳೆಯ ಮಾತು ಬರೆದೆ, ಆಗಲೇ ಕೆಲಸ ಬಿಟ್ಟು ಕೂತೆ. ಯೂನಿಟ್ ಹೆಚ್ಚು ಬರುತ್ತದೆ ಎಂದು ನನಗೇ ಮುಂಚಿತವಾಗಿ ನೋಟಿಸು ಕೊಡುತ್ತೀಯ. ಏನೂ ಬರೆಯಬೇಡಿ ಎಂದು ನನ್ನ ಕೈಯನ್ನೂ ಕಟ್ಟುತ್ತೀಯ.

ಕಾಲು ಊದುವುದು ಕೂತಲ್ಲೇ ಕೂರುವುದರಿಂದ. ನಡೆಸು. ನಾನು ಈಗ ಬರಲಾಗುವುದಿಲ್ಲ. ಗಿರಣಿಯ ಕಲ್ಲು ಬಿಚ್ಚಿದೆ. ಸವೆದ ಕಲ್ಲು ಕುಟ್ಟಿ ಒರಟು ಮಾಡುವವನು ವರ್ಷಕ್ಕೊಮ್ಮೆ ಬರುವವನು, ಅವನ ಮುಂದೆ ನಾನು ಕೂರದಿದ್ದರೆ ಅರ್ಧ ಕುಟ್ಟಿ ಹೋಗುತ್ತಾನೆ. ತಿಂಗಳ ಕೊನೆಗೆ ಬರುತ್ತೇನೆ.

ಅಲ್ಲಿಯವರೆಗೆ ಮೀಟರಿನ ಕಡೆ ಒಂದು ಕಣ್ಣಿಟ್ಟಿರು.

ಅತ್ತೆ


ಆಗಸ್ಟ್ 29

ಸೊಸೆಗೆ,

ನಿನ್ನ ಮನೆಯಿಂದ ಬಂದು ತಿಂಗಳಾಯಿತು. ಅಲ್ಲಿದ್ದ ಮೂರು ದಿನ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಬಂದವರೆಲ್ಲ ನನ್ನ ಕಿವಿಯ ಹತ್ತಿರ ಬಂದು ಕೂಗಿ ಸಮಾಧಾನ ಹೇಳಿದರು. ಮಗ ಹೋದದ್ದನ್ನು ಕೂಗಿ ಕೂಗಿ ಹೇಳಿಸಿಕೊಂಡೆ. ನೀನು ಮಾತ್ರ ದೂರ ನಿಂತಿದ್ದೆ.

ಜುಲೈ ಇಪ್ಪತ್ತೈದನೇ ತಾರೀಖು ಬೆಳಿಗ್ಗೆ ಅವನ ಮುಖ ಒರೆಸುವಾಗ ಒಂದನ್ನು ಕಂಡೆ. ಎರಡೂ ಕೆನ್ನೆಯ ಮೇಲೆ, ಕಿವಿಯ ಹಿಂದಿನವರೆಗೆ ಪೈಪಿನ ಗೆರೆ ಇಳಿದಿತ್ತು. ಬೆಲ್ಟು ವರ್ಷಗಟ್ಟಲೆ ಓಡಿದ ಚಕ್ರದ ಮೇಲೆ ಬೀಳುವಂಥ ಗೆರೆ. ರಾತ್ರಿ ಮಾತ್ರ ಓಡುವ ಬೆಲ್ಟು ಅಂಥ ಗೆರೆ ಮಾಡುವುದಿಲ್ಲ. ಇದು ನನಗೆ ಗೊತ್ತಿರುವ ವಿದ್ಯೆ.

ಆಕ್ಸಿಜನ್ ಮಶೀನನ್ನು ಬಾಡಿಗೆಗೆ ಕೊಟ್ಟಿದ್ದವರು ಒಯ್ದರೆಂದು ತಿಳಿಯಿತು. ಆಗಸ್ಟ್ ತಿಂಗಳ ಮೀಟರಿನ ಅಂಕಿ ಕಳಿಸು. ಯಾಕೆ ಎಂದು ಕೇಳಬೇಡ.

ಅತ್ತೆ


ಸೆಪ್ಟೆಂಬರ್ 6

ಅತ್ತೆಯವರಿಗೆ,

ಎಂಬತ್ತೊಂದು.

ಗೀಜರು ಇಲ್ಲ, ಹೊಲಿಗೆ ಇಲ್ಲ. ಫ್ರಿಡ್ಜು, ದೀಪ, ಎರಡು ಫ್ಯಾನು ಮೊದಲಿನಂತೆಯೇ ಇವೆ. ಅವರ ಕೋಣೆಯ ಫ್ಯಾನನ್ನು ನಾನು ಆರಿಸಿಲ್ಲ. ಅಲ್ಲಿ ಯಾರೂ ಇಲ್ಲ ಎಂದು ಗೊತ್ತು. ನಿಮ್ಮ ನಿಯಮವೂ ಗೊತ್ತು. ಆದರೂ ಓಡುತ್ತಿದೆ.

ನೀವು ಯಾಕೆ ಕೇಳಿದಿರಿ ಎಂದೂ ನನಗೆ ಗೊತ್ತು. ಲೆಕ್ಕ ಮಾಡಬೇಡಿ ಅತ್ತೆ. ಇದೊಂದು ಲೆಕ್ಕ ಬಿಟ್ಟುಬಿಡಿ.


ಸೆಪ್ಟೆಂಬರ್ 15

ಸೊಸೆಗೆ,

ಮಾಡಿದೆ.

ಗಿರಣಿಯ ಗೋಡೆಗೆ ಒಂದು ಸ್ಲೇಟು ನೇತು ಹಾಕಿದ್ದೇನಲ್ಲ, ಅದರ ಮೇಲೆ ಮಾಡಿದೆ. ಜರಡಿ ಅಕ್ಕ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ತನ್ನ ಮನೆಯ ಕರೆಂಟಿನ ಲೆಕ್ಕ ಕಲಿಸಿ ಎಂದು ಬಹಳ ದಿನದಿಂದ ಕೇಳುತ್ತಿದ್ದಳು. ಇದನ್ನೇ ನೋಡಿ ಕಲಿ ಎಂದೆ.

ಅವನಿಲ್ಲದ ಮನೆ, ಮೂವತ್ತೊಂದು ದಿನಕ್ಕೆ ಎಂಬತ್ತೊಂದು. ಮೂವತ್ತು ದಿನಕ್ಕೆ ಇಳಿಸಿದರೆ ಎಪ್ಪತ್ತೆಂಟು. ಜೂನಿನಲ್ಲಿ ಇನ್ನೂರ ಇಪ್ಪತ್ತೈದು. ಆಗಲೂ ಗೀಜರು ಇರಲಿಲ್ಲ, ಹೊಲಿಗೆ ಇರಲಿಲ್ಲ. ಎಪ್ಪತ್ತೆಂಟು ಕಳೆದೆ. ಉಳಿದ ನೂರ ನಲವತ್ತೇಳು ಮಶೀನಿನದು. ಮೂವತ್ತು ದಿನಕ್ಕೆ ಹಂಚಿದೆ, ಮುನ್ನೂರೈವತ್ತು ವ್ಯಾಟಿನಿಂದ ಭಾಗಿಸಿದೆ. ದಿನಕ್ಕೆ ಹದಿನಾಲ್ಕು ಗಂಟೆ.

ಹತ್ತು ಬರಬೇಕಿತ್ತು.

"ಅಮ್ಮ, ಲೆಕ್ಕ ತಪ್ಪಿತಾ?" ಎಂದಳು ಅವಳು.

"ನನ್ನ ಲೆಕ್ಕ ತಪ್ಪಲ್ಲ."

"ಮತ್ತೆ ಯಾಕೆ ಕೈ ನಿಂತಿತು?"

ಏಪ್ರಿಲ್ ತಿಂಗಳದನ್ನು ತೆಗೆದೆ. ಮುನ್ನೂರ ಎಂಬತ್ತಮೂರು. ಅದರಲ್ಲಿ ಮನೆಯ ಎಪ್ಪತ್ತೆಂಟು ಕಳೆದೆ. ಗೀಜರಿಗೆ, ಇಸ್ತ್ರಿಗೆ, ಹೊಲಿಗೆಗೆ ಎಂದು, ಮಾರ್ಚಿನ ಬಿಲ್ಲಿನಲ್ಲಿ ಮನೆಯದೂ ಮಶೀನಿನ ನೂರ ಐದೂ ಕಳೆದು ಉಳಿದಿದ್ದ ಐವತ್ತಮೂರು ಕಳೆದೆ. ಉಳಿದದ್ದು ಇನ್ನೂರ ಐವತ್ತೆರಡು. ಮೂವತ್ತು ದಿನಕ್ಕೆ ಹಂಚಿದೆ. ಭಾಗಿಸಿದೆ. ಇಪ್ಪತ್ತನಾಲ್ಕು ಬಂತು. ಒಂದು ಗಂಟೆ ಹೆಚ್ಚಿಲ್ಲ, ಒಂದು ಗಂಟೆ ಕಡಿಮೆಯಿಲ್ಲ.

ಲೆಕ್ಕ ಇಷ್ಟು ಸರಿಯಾಗಿ ಕೂತದ್ದನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ.

ಏಪ್ರಿಲಿನಲ್ಲೇ ಅವನಿಗೆ ಹಗಲೂ ರಾತ್ರಿ ಆಕ್ಸಿಜನ್ ಬೇಕಾಗಿತ್ತು. ಜೂನಿನಲ್ಲಿ ದಿನಕ್ಕೆ ಹತ್ತು ಗಂಟೆ ಯಾರೋ ಅದನ್ನು ನಿಲ್ಲಿಸಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳು ಎಂದು ನೀನೇ ಬರೆದಿದ್ದೆ. ಅಷ್ಟು ಹೊತ್ತು ಮನೆಯಲ್ಲಿ ಅವನೊಬ್ಬನೇ. ನಿನ್ನನ್ನು ಮನೆಯಿಂದ ಹೊರಗೆ ಕಳಿಸಿದವಳು ನಾನು.

ಈ ಲೆಕ್ಕವನ್ನು ಜುಲೈ ನಾಲ್ಕರಂದೇ ಮಾಡಬಹುದಿತ್ತು. ನೀನು ನಿಲ್ಲಿಸಿದ್ದು ಐವತ್ತಮೂರು ಯೂನಿಟ್ಟಿನ ಕೆಲಸ, ಇಳಿದದ್ದು ನೂರೈವತ್ತಕ್ಕೂ ಮೇಲೆ. ಕಾಣುವ ಹಾಗಿತ್ತು. ಅಂಕಿ ಏರಿದರೆ ಮಾತ್ರ ನಾನು ಕಾರಣ ಕೇಳುತ್ತೇನೆ. ಇಳಿದಾಗ ಊರಿಗೆಲ್ಲ ಓದಿ ಹೇಳಿದೆ.

ಸ್ಲೇಟನ್ನು ಒರೆಸಲು ಜರಡಿ ಅಕ್ಕ ಬಟ್ಟೆ ತಂದಳು. ಬೇಡ ಎಂದೆ.

ನಿನಗೆ ಗೊತ್ತಿತ್ತೇ? ಗೊತ್ತಾದಾಗ ಅವನು ಏನೆಂದ? ನನ್ನನ್ನು ಉಳಿಸುವುದಕ್ಕೆ ಏನನ್ನೂ ಬಿಟ್ಟು ಬರೆಯಬೇಡ.

ಅತ್ತೆ


ಸೆಪ್ಟೆಂಬರ್ 27

ಅತ್ತೆ,

ಬಿಡದೆ ಬರೆಯುತ್ತಿದ್ದೇನೆ.

ಏಪ್ರಿಲ್ ಒಂದರಂದೇ ಡಾಕ್ಟರು ಇಪ್ಪತ್ತನಾಲ್ಕು ಗಂಟೆ ಎಂದಿದ್ದರು. ನಿಮಗೆ ಬರೆಯಲು ಕೂತೆ. ಅವರು ಪೆನ್ನು ಕಿತ್ತುಕೊಂಡರು. "ಅಮ್ಮಂಗೆ ಗೊತ್ತಾದ್ರೆ ಧೂಳಿಂದಾನೇ ಆಯ್ತು ಅಂತ ಒಪ್ಕೋಬೇಕಾಗತ್ತೆ. ಆಮೇಲೆ ಅವಳು ಗಿರಣಿ ಬಾಗಿಲು ತೆಗೆಯಲ್ಲ. ಗಿರಣಿ ಇಲ್ದಿದ್ರೆ ಅವಳು ಎಲ್ಲಿರ್ತಾಳೆ?" ಎಂದರು. ಫ್ರಿಡ್ಜಿನ ರಬ್ಬರು ಗಟ್ಟಿಯಾಗಿಯೇ ಇತ್ತು. ನೀವು ಹೇಳಿದ ಕಾಗದದ ಪರೀಕ್ಷೆ ಮಾಡಿ ಇಬ್ಬರೂ ನಕ್ಕಿದ್ದೆವು.

ಜೂನ್ ತಿಂಗಳ ಅಂಕಿ ನೋಡಿ ನನಗೂ ಖುಷಿಯಾಗಿತ್ತು. ನೀವು ಕಲಿಸಿದ ಗುಣಾಕಾರವನ್ನು ನಾನೂ ಮಾಡಲಿಲ್ಲ. ಈ ಲೆಕ್ಕದಲ್ಲಿ ನನ್ನ ಪಾಲೂ ಇದೆ.

ಜುಲೈ ಎಂಟರ ಸಂಜೆ ನಿಮ್ಮ ಪತ್ರ ಬಂತು. ಮನೆ ಪೂರಾ ಸುಮ್ಮನಿತ್ತು ಎಂಬ ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಹನ್ನೊಂದು ಗಂಟೆಗೆ ಆ ಮನೆ ಹೇಗೆ ಸುಮ್ಮನಿರುತ್ತದೆ? ಮಶೀನಿನ ಸದ್ದು ಪಕ್ಕದ ಮನೆಯವರೆಗೂ ಕೇಳುತ್ತಿತ್ತು. ಅವರಿಗೆ ಏನೂ ಹೇಳಲಿಲ್ಲ. ಮಾರನೇ ದಿನ ಎಂದಿನಂತೆ ಒಂಬತ್ತಕ್ಕೆ ಚೀಲ ಹಿಡಿದು ಹೊರಟೆ, ಮೆಟ್ಟಿಲಿನ ತಿರುವಿನಲ್ಲಿ ನಿಂತೆ. ಐದು ನಿಮಿಷವಾಗಿರಬಹುದು. ಸದ್ದು ನಿಂತಿತು.

ಒಳಗೆ ಹೋದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಪೈಪನ್ನು ಸುತ್ತಿ ಸುತ್ತಿ ಮೊಳೆಗೆ ನೇತು ಹಾಕಿದ್ದರು, ನೀವು ಗಿರಣಿಯಲ್ಲಿ ಹಳೇ ಬೆಲ್ಟುಗಳನ್ನು ಹಾಕುವ ಹಾಗೆ. ತುಟಿ ಆಗಲೇ ನೀಲಿ ತಿರುಗುತ್ತಿತ್ತು.

"ಏನ್ರೀ ಇದು?"

"ಸುಮ್ನೆ ಕೂತಿದೀನಲ್ಲ" ಎಂದರು. ಸ್ವಲ್ಪ ಹೊತ್ತು ಬೇಕಾಯಿತು ಮುಂದಿನದಕ್ಕೆ. "ಕೆಲಸ ಏನೂ ಮಾಡ್ತಿಲ್ಲ. ಅಲುಗಾಡದೆ ಇದ್ರೆ ಇರಬಹುದು. ಅಭ್ಯಾಸ ಆಗಿದೆ. ಕಾಳಿಲ್ಲದಾಗ..."

ಅಲ್ಲಿಗೆ ಉಸಿರು ಸಾಲಲಿಲ್ಲ.

"ನೀವೇನು ಗಿರಣಿಯಾ?" ಎಂದು ಕಿರುಚಿದೆ. ಪೈಪು ಹಾಕಿ ಸ್ವಿಚ್ಚು ಹಾಕಿದೆ. ಅಷ್ಟು ದಿನದಲ್ಲಿ ಅದೊಂದೇ ಸಲ ನಾನು ಅವರ ಮೇಲೆ ಕಿರುಚಿದ್ದು. ಉಸಿರು ಹಿಂತಿರುಗಿದ ಮೇಲೆ ನನ್ನ ಕೈ ಹಿಡಿದು, "ಅಮ್ಮಂಗೆ ಹೇಳ್ಬೇಡ. ಎಷ್ಟು ಖುಷಿಯಾಗಿದಾಳೆ ನೋಡು" ಎಂದರು. ನಿಮ್ಮ ಪತ್ರ ಅವರ ಜೇಬಿನಲ್ಲಿತ್ತು.

ಆಮೇಲೆ ಹದಿನೈದು ದಿನ ಮಶೀನು ಒಂದು ನಿಮಿಷವೂ ನಿಲ್ಲಲಿಲ್ಲ. ಅಷ್ಟರಲ್ಲಿ ಹೃದಯ ಸೋತಿತ್ತು.

ಜುಲೈ ಇಪ್ಪತ್ತರಂದು ನೀವು ಬರೆದ ಪತ್ರ ಇಪ್ಪತ್ತನಾಲ್ಕರ ಮಧ್ಯಾಹ್ನ ಬಂತು. ಅವರು ಹೋಗಿ ಒಂದು ಗಂಟೆಯಾಗಿತ್ತು. ನಾನು ಅದನ್ನು ಒಡೆದಿಲ್ಲ. ಇದರ ಜೊತೆ ಹಾಗೇ ಹಿಂತಿರುಗಿಸುತ್ತಿದ್ದೇನೆ. ಅದರಲ್ಲಿ ಏನಿದೆ ಎಂದು ನನಗೆ ಹೇಳಬೇಡಿ.


ಅಕ್ಟೋಬರ್ 9

ಆ ಪತ್ರ ಬಂತು. ಅದನ್ನು ನಾನೂ ಒಡೆಯಲಿಲ್ಲ. ಏನಿದೆ ಎಂದು ಬರೆದವಳಿಗೆ ಗೊತ್ತಿರುತ್ತದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಬೀಸಿಸಲು ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದೆ. ಒಂಬತ್ತು ಗಂಟೆಗೆ ಸ್ವಿಚ್ಚು ಹಾಕಿದೆ. ಗಿರಣಿಯ ಬಾಯಿಗೆ ಆ ಲಕೋಟೆಯನ್ನು ಹಾಕಿದೆ. ಅದು ಕಲ್ಲಿನ ಮಧ್ಯೆ ಎರಡು ಸುತ್ತೂ ಬರಲಿಲ್ಲ. ಆಮೇಲೆ ಏನೂ ಹಾಕಲಿಲ್ಲ. ಓಡಲು ಬಿಟ್ಟು ಮುಂದೆ ಕೂತೆ.

ಜರಡಿ ಅಕ್ಕ ಓಡಿ ಬಂದಳು. ನನ್ನ ಕಿವಿಗೆ ಬಾಯಿಟ್ಟು ಕೂಗಿದಳು. "ಅಮ್ಮಾ, ಕಾಳಿಲ್ಲ! ಕಲ್ಲನ್ನ ಕಲ್ಲೇ ತಿಂತಾ ಇದೆ! ಆರಿಸಿ!"

"ಓಡಲಿ."

"ಕಲ್ಲು ಕುಟ್ಟಿಸಿ ಮೂರು ತಿಂಗಳೂ ಆಗಿಲ್ಲಮ್ಮ!"

"ಓಡಲಿ ಅಂದೆನಲ್ಲ."

ಅವಳು ಸ್ವಿಚ್ಚಿಗೆ ಕೈ ಹಾಕಿದಳು. ಕೈ ಹಿಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಹೆದರಿದ್ದು. ಹೊರಗೆ ಹೋಗಿ ಜಗಲಿಯ ಮೇಲೆ ಕೂತು ಅತ್ತಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಸುಟ್ಟ ಕಲ್ಲಿನ ವಾಸನೆ ಬೀದಿಯವರೆಗೆ ಬಂದಿತ್ತಂತೆ.

ಸಂಜೆ ಏಳರವರೆಗೆ ಓಡಿಸಬೇಕು ಎಂದುಕೊಂಡಿದ್ದೆ. ಮಧ್ಯಾಹ್ನ ಮೂರಕ್ಕೆ ಬೆಲ್ಟು ಹರಿಯಿತು. ಬಿಚ್ಚಿ ನೋಡಿದರೆ ಮೇಲಿನ ಕಲ್ಲು ಸೀಳಿತ್ತು. ಅವನು ದಿನಕ್ಕೆ ಹತ್ತು ಗಂಟೆಯಂತೆ ಮೂವತ್ತೆಂಟು ದಿನ ತಡೆದ. ಕಲ್ಲಿಗೆ ಒಂದು ದಿನ ಆರು ಗಂಟೆ ತಡೆಯಲು ಆಗಲಿಲ್ಲ.

ಧೂಳಿನಿಂದಲೇ ಎಂದು ಆ ಡಾಕ್ಟರು ಬರೆದದ್ದು ಸರಿ. ನನಗೆ ಕೆಮ್ಮಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸರಿಯೇ. ಇವತ್ತಿಗೂ ಇಲ್ಲ. ಕೆಮ್ಮಾದರೂ ಇದ್ದಿದ್ದರೆ ಎಂದು ಈಗ ಅನ್ನಿಸುತ್ತದೆ.

ಆ ಎಣ್ಣೆ ಡಬ್ಬ ಹಿತ್ತಿಲಿನಲ್ಲಿ ಸಿಕ್ಕಿತು. ತಳ ತುಕ್ಕು ಹಿಡಿದು ಹೋಗಿದೆ. ಜಜ್ಜಿದ ಮೂಲೆ ಹಾಗೇ ಇದೆ.

ಅವನ ಕೋಣೆಯ ಫ್ಯಾನನ್ನು ಆರಿಸಬೇಡ. ಬಿಲ್ಲು ಬಂದ ಹಾಗೆ ಕಳಿಸು. ಅಂಕಿ ನೋಡದೆ ಕಟ್ಟುತ್ತೇನೆ.